ತಮ್ಮನ ಟ್ಯೂಬು, ನನ್ನ ಮುಖ

ಮೊಡವೆಗೂ ಒಂದು ಅನುಭವ ಕಥನ ಬೇಕೇ ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ. ಮೊದಲು ನಾನೂ ನಗುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ಗೆಳತಿಯರು ಕನ್ನಡಿ ಹಿಡಿದು ಕಣ್ಣೀರು ಹಾಕುತ್ತಿದ್ದಾಗ ನನ್ನ ಮುಖದ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. "ದಿನಾ ಸ್ವಚ್ಛ ಮಕಾ ತೊಳಕೋರಿ, ಎಲ್ಲಾ ಹೋಗತಾವ" ಎಂದು ಅವರಿಗೆಲ್ಲ ಪುಕ್ಕಟೆ ಬುದ್ಧಿ ಹೇಳಿದ ಮಹಾತಾಯಿ ನಾನು. ಅದೇ ಮೊಡವೆ ನನ್ನನ್ನು ಹುಡುಕಿಕೊಂಡು ಬಂದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಬಂದದ್ದೂ ಸುಮ್ಮನೆ ಬರಲಿಲ್ಲ, ನನ್ನ ಕೆಲಸಕ್ಕೇ ಕೈ ಹಾಕಿತು. ಈಗ ಎಲ್ಲ ಹತೋಟಿಗೆ ಬಂದಿದೆ, ಅದಕ್ಕೇ ಹೇಳುವ ಹುಮ್ಮಸ್ಸು ಬಂದಿದೆ.

ನನ್ನ ಹೆಸರು ಸವಿತಾ. ಮನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ರಾಯಾಪುರದ ಕಡೆ ಇರುವ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮಕ್ಕಳೊಂದಿಗೆ ಕೈಯಿಂದ ಮಾತಾಡುತ್ತೇವೆ ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಮಾತು ಮುಖದಲ್ಲಿರುತ್ತದೆ. "ನೀನು ಉಂಡೆ" ಎನ್ನುವುದಕ್ಕೂ "ನೀನು ಉಂಡೆಯಾ?" ಎನ್ನುವುದಕ್ಕೂ ಕೈ ಒಂದೇ ರೀತಿ ಆಡುತ್ತದೆ. ಹುಬ್ಬು ಮೇಲೆ ಹೋದರೆ ಅದು ಪ್ರಶ್ನೆ. ತುಟಿ, ಗಲ್ಲ, ಹಣೆಯ ಗೆರೆ ಎಲ್ಲವೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಕರಿಹಲಗೆ ಇಲ್ಲದೆ ಪಾಠ ಮಾಡಬಹುದು, ಮುಖವಿಲ್ಲದೆ ಆಗುವುದಿಲ್ಲ.

ಮಕ್ಕಳು ತಮ್ಮ ಶಿಕ್ಷಕರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಟ್ಟಿರುತ್ತಾರೆ. ಅದನ್ನು ಅವರೇ ಇಡುವುದು, ನಾವು ಕೇಳಿ ಪಡೆಯುವಂತಿಲ್ಲ. ಮುಖ್ಯೋಪಾಧ್ಯಾಯಿನಿಗೆ ಮೂಗಿನ ತುದಿಗೆ ಜಾರಿದ ಕನ್ನಡಕ. ಚಿತ್ರಕಲೆಯ ಮೇಷ್ಟ್ರಿಗೆ ಮೀಸೆ. ನನಗೆ ಗಲ್ಲದ ಮೇಲೆ ಬೆರಳಿಟ್ಟು ತಿರುಗಿಸುವುದು, ನಕ್ಕರೆ ಅಲ್ಲಿ ಗುಳಿ ಬೀಳುತ್ತದೆ ಎಂದು. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೇ ಇತ್ತು.

ಶ್ರಾವಣದ ಹೊತ್ತಿಗೆ ಗದ್ದದ ಅಂಚಿನಲ್ಲಿ ಮೊದಲ ಗುಳ್ಳೆ ಕಂಡಿತು. ಹದಿನೈದು ದಿನಗಳಲ್ಲಿ ಅವು ಎರಡೂ ಗಲ್ಲಕ್ಕೆ ಹಬ್ಬಿದವು. ಚರ್ಮದ ಒಳಗೇ ಗಟ್ಟಿಯಾಗಿ ಕೂತು, ಮುಟ್ಟಿದರೆ ಕಣ್ಣಲ್ಲಿ ನೀರು ತರಿಸುವಂಥವು.

ಈಗ ನಮ್ಮ ಮನೆಯ ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಮತ್ತು ಕಾಕಾ ಸೇರಿ ಕಾಳುಕಡಿಯ ಸಗಟು ವ್ಯಾಪಾರ ಮಾಡುತ್ತಾರೆ. ಆ ಗುಣ ಮನೆಯೊಳಗೂ ಬಂದಿದೆ. ನಮ್ಮಲ್ಲಿ ಯಾವುದನ್ನೂ ಬಿಡಿಯಾಗಿ ಕೊಳ್ಳುವುದಿಲ್ಲ. ಸಾಬೂನು ಬಂದರೆ ಪೆಟ್ಟಿಗೆ, ಎಣ್ಣೆ ಬಂದರೆ ಡಬ್ಬಿ. ದೀಪಾವಳಿಗೆ ಒಂದೇ ಥಾನಿನಿಂದ ಕತ್ತರಿಸಿ ಹೊಲಿಸಿದ ಬಟ್ಟೆ ತೊಟ್ಟು ನಾವು ಅಣ್ಣತಮ್ಮ ಅಕ್ಕತಂಗಿಯರು ಬ್ಯಾಂಡ್ ಬಾರಿಸುವವರ ಹಾಗೆ ಕಾಣುತ್ತಿದ್ದೆವು. ಹನ್ನೊಂದು ಮಂದಿಗೆ ಒಂದೇ ಕೆಮ್ಮಿನ ಔಷಧಿ, ಒಂದೇ ಹಲ್ಲುಪೇಸ್ಟು, ಒಂದೇ ಅಳತೆಯ ಚಪ್ಪಲಿ ಸಿಕ್ಕಿದ್ದರೆ ಅದನ್ನೂ ತರುತ್ತಿದ್ದರೇನೋ.

ಹಿಂದಿನ ವರ್ಷ ಕಾಕಾನ ಮಗ ವಿರೂಪಾಕ್ಷನಿಗೂ ಮೊಡವೆ ಎದ್ದಿದ್ದವು. ವಿರೂ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನ ಮುಖ ಸದಾ ಎಣ್ಣೆ ಸುರಿಯುವಂಥದ್ದು. "ಇವನ ಹಣಿ ಮ್ಯಾಲ ಹಪ್ಪಳ ಕರೀಬಹುದು ನೋಡ" ಎಂದು ಅಜ್ಜಿ ಛೇಡಿಸುತ್ತಿದ್ದಳು. ಅವನು ಡಾಕ್ಟರಿಗೆ ತೋರಿಸಿ, ಅವರು ಬರೆದುಕೊಟ್ಟ ಟ್ಯೂಬು ಹಚ್ಚಿ, ನೊರೆ ಬರುವ ಸಾಬೂನಿನಲ್ಲಿ ತೊಳೆದು ಮೂರು ತಿಂಗಳಲ್ಲಿ ನುಣ್ಣಗಾದ. ಮನೆಮಂದಿ ಅದನ್ನು ಕಣ್ಣಾರೆ ಕಂಡಿದ್ದರು. ಹೀಗಾಗಿ ನನ್ನ ಮುಖದಲ್ಲಿ ಗುಳ್ಳೆ ಎದ್ದಾಗ ಯಾರೂ ಗಾಬರಿಯಾಗಲಿಲ್ಲ. ಅಪ್ಪ ವಿರೂನ ಖಾಲಿ ಟ್ಯೂಬು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಒಂದು ಡಜನ್ ಹೊಸವು ತಂದು ನನ್ನ ಮುಂದಿಟ್ಟ.

"ಡಾಕ್ಟರಿಗೆ ಒಮ್ಮೆ ತೋರಸಲೇನಪ್ಪಾ?" ಎಂದೆ.

"ಮನ್ಯಾಗ ಔಷಧ ಗೊತ್ತಿದ್ದಾಗ ಡಾಕ್ಟರ್ ಯಾಕ? ಒಂದ ಮನಿ, ಒಂದ ರಕ್ತ. ಅವಗ ಹತ್ತಿದ್ದು ನಿನಗ ಹತ್ತಂಗಿಲ್ಲೇನು?"

ನನಗೂ ಸರಿ ಎನ್ನಿಸಿತು. ಆದರೆ ನಮ್ಮೆಲ್ಲರ ಕಣ್ಣೆದುರೇ ಇದ್ದ ಒಂದು ಸಂಗತಿ ಯಾರಿಗೂ ಕಾಣಲಿಲ್ಲ. ನಾನು ಹುಟ್ಟಾ ಒಣ ಚರ್ಮದವಳು. ಚಳಿಗಾಲದಲ್ಲಿ ಮೊಳಕಾಲಿನ ಮೇಲೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತಿತ್ತು. ಶಾಲೆಗೆ ಹೋಗುವಾಗ ಅಜ್ಜಿ ನನ್ನೊಬ್ಬಳ ಗಲ್ಲಕ್ಕೆ ಮಾತ್ರ ಬೆಣ್ಣೆ ತಿಕ್ಕಿ ಕಳಿಸುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಎಣ್ಣೆ ಇಳಿಸುವ ಔಷಧಿಯನ್ನು ಎಣ್ಣೆಯೇ ಇಲ್ಲದ ಮುಖಕ್ಕೆ ಎರಡು ಹೊತ್ತು ಮೆತ್ತಿಕೊಂಡೆ.

ಮೊದಲ ವಾರ ಉರಿಯಿತು. ವಿರೂನ ಅವ್ವ, ನಮ್ಮ ಕಾಕು, ಧೈರ್ಯ ಹೇಳಿದಳು: "ಉರೀತೈತಿ ಅಂದ್ರ ಕೆಲಸಾ ಮಾಡಾಕತ್ತೈತಿ ಅಂತ ತಿಳಕೊ. ಇನ್ನೊಂಚೂರು ಹೆಚ್ಚ ಹಚ್ಚು." ಹೆಚ್ಚು ಹಚ್ಚಿದೆ. ಎರಡನೆಯ ವಾರ ಮೂಗಿನ ಪಕ್ಕ ಸಿಪ್ಪೆ ಏಳತೊಡಗಿತು. ಮೂರನೆಯ ವಾರ ಮುಖ ಕೆಂಪಗೆ ಬಿಗಿದುಕೊಂಡು, ರೊಟ್ಟಿಯ ತುತ್ತಿಗೆ ಬಾಯಿ ತೆರೆದರೆ ತುಟಿಯ ಅಂಚು ಒಡೆದು ಖಾರ ತಾಗಿ ಎದ್ದು ಓಡುವಂತಾಯಿತು. ಇಷ್ಟಾದರೂ ಮೊಡವೆಗಳು ಕಡಿಮೆಯಾದವೇ ಎಂದರೆ, ಇಲ್ಲ. ಸಿಟ್ಟಿಗೆದ್ದ ಚರ್ಮದ ಮೇಲೆ ಇನ್ನಷ್ಟು ಎದ್ದವು. ವಿರೂ ಪಾಪ, ಬಾಗಿಲ ಬಳಿ ನಿಂತು "ಅಕ್ಕಾ, ನನಗ ಹಿಂಗ ಆಗಿದ್ದಿಲ್ಲ" ಎಂದ. ಟ್ಯೂಬಿನ ತಪ್ಪಿರಬಹುದೆಂದು ನನಗಾಗ ಹೊಳೆಯಲಿಲ್ಲ, ನನ್ನ ಮುಖದ್ದೇ ತಪ್ಪು ಎನ್ನಿಸಿತು. ಈಗ ನೆನೆದರೆ ಆ ಮೂರ್ಖತನಕ್ಕೇ ಹೆಚ್ಚು ಸಿಟ್ಟು ಬರುತ್ತದೆ.

ಮನೆಯಲ್ಲಿ ನನ್ನನ್ನು ಮುಟ್ಟಲು ಹೆದರದಿದ್ದವಳು ಅಜ್ಜಿ ಒಬ್ಬಳೇ. ಮುಂಜಾನೆ ಸಂಜೆ ಲಿಂಗಪೂಜೆ ಮುಗಿಸಿ ನನ್ನನ್ನು ಕರೆದು ಹಣೆಗೆ ವಿಭೂತಿ ಹಚ್ಚುವುದು ನಾನು ಕೂಸಾಗಿದ್ದಾಗಿನಿಂದ ಅವಳ ರೂಢಿ. ಮೊಡವೆ ಎದ್ದ ಮೇಲೆ ಒಂದೊಂದು ಗುಳ್ಳೆಗೂ ಒಂದೊಂದು ಚಿಟಿಕೆ ಒತ್ತಿ, ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದಳು. ಅವಳ ಬೆರಳು ತಣ್ಣಗಿರುತ್ತಿತ್ತು. ದಿನದಲ್ಲಿ ನನಗೆ ಹಿತವೆನಿಸುತ್ತಿದ್ದದ್ದು ಆ ಎರಡು ಗಳಿಗೆ ಮಾತ್ರ.

ಸ್ಕೂಟಿ ಮೇಲೆ ಹೋಗುವ ನಮ್ಮೂರಿನ ಹುಡುಗಿಯರೆಲ್ಲ ಧೂಳಿಗೆ ಮುಖಕ್ಕೆ ಓಢಣಿ ಸುತ್ತಿಕೊಳ್ಳುತ್ತಾರೆ, ಹಾಗಾಗಿ ದಾರಿಯಲ್ಲಿ ನನ್ನನ್ನು ಯಾರೂ ಗಮನಿಸುತ್ತಿರಲಿಲ್ಲ. ಓಢಣಿ ಶಾಲೆಯ ಗೇಟಿನ ತನಕ ಕಾಪಾಡುತ್ತಿತ್ತು. ಗೇಟು ದಾಟಿದ ಮೇಲೆ ಮಾಸ್ಕ್. "ಥಂಡಿ ಆಗೈತ್ರಿ, ಮಕ್ಕಳಿಗೆ ಹತ್ತಬಾರದಂತ" ಎಂದು ಸುಳ್ಳು ಹೇಳಿದೆ. ಮಾಸ್ಕ್ ಇದ್ದದ್ದು ಮೂಗಿನಿಂದ ಗದ್ದದವರೆಗೆ. ಅಂದರೆ ನನ್ನ ಅರ್ಧ ಭಾಷೆಯನ್ನು ಮುಚ್ಚಿಕೊಂಡೇ ಪಾಠಕ್ಕೆ ನಿಲ್ಲುತ್ತಿದ್ದೆ.

ಹಳೆಯ ಮಕ್ಕಳು ನನ್ನ ಕಣ್ಣು, ಹುಬ್ಬು ನೋಡಿ ಹೇಗೋ ಸುಧಾರಿಸಿಕೊಂಡರು. ಕಷ್ಟವಾದದ್ದು ಕಸ್ತೂರಿಗೆ. ಧಾರವಾಡದ ಹತ್ತಿರದ ಮುಗದದ ರೈತರ ಮನೆಯ ಎಂಟು ವರ್ಷದ ಈ ಹುಡುಗಿ ನಮ್ಮಲ್ಲಿಗೆ ಬಂದದ್ದೇ ಆ ದಿನಗಳಲ್ಲಿ. ಅಲ್ಲಿಯವರೆಗೆ ಅವಳಿಗೆ ಯಾವ ಭಾಷೆಯೂ ಇರಲಿಲ್ಲ. ಹಸಿವು, ನೀರು, ಅವ್ವ, ಎಮ್ಮೆ ಇಷ್ಟನ್ನು ತನ್ನದೇ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಹುಬ್ಬು ಏರಿದ್ದು ಕಂಡರೂ ಅದರ ಕೆಳಗಿನ ಮುಖ ಕಾಣದೆ, ನಾನು ಕೇಳಿದ್ದು ಪ್ರಶ್ನೆಯೋ, ಹೇಳಿದ್ದು ಮಾತೋ, ಸಿಟ್ಟೋ, ತಮಾಷೆಯೋ ಯಾವುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಮಾಸ್ಕಿನ ಅಂಚಿನ ಮೇಲೆ ಕಣ್ಣು ನೆಟ್ಟು ಕೂತಿರುತ್ತಿದ್ದಳು. ಎಲ್ಲರೂ ನಕ್ಕಾಗ ತಡವಾಗಿ ನಗುತ್ತಿದ್ದಳು. ಎರಡು ತಿಂಗಳ ಮೇಲೆ ಒಂದು ದಿನ ಸ್ಲೇಟು ಬದಿಗಿಟ್ಟು ಗೋಡೆಯ ಕಡೆ ತಿರುಗಿ ಕೂತಳು. ಎಷ್ಟು ತಟ್ಟಿ ಕರೆದರೂ ತಿರುಗಲಿಲ್ಲ.

ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ಹೆಡ್ ಅಕ್ಕೋರು ಎನ್ನುತ್ತೇವೆ. ಅವರು ನನ್ನನ್ನು ಕರೆಸಿದರು. ಸುತ್ತುಬಳಸಿ ಮಾತಾಡುವವರಲ್ಲ.

"ಸವಿತಾ, ನಿಮ್ಮ ಥಂಡಿ ಎರಡ ತಿಂಗಳಾತು. ನನಗೇನ ಕಣ್ಣ ಕಾಣಂಗಿಲ್ಲ ಅಂತ ತಿಳದೀರೇನು? ಮೊಡವಿ ಯಾರಿಗೆ ಆಗಂಗಿಲ್ಲ? ಮಾಸ್ಕ್ ತಗದು ಕಲಸ್ರಿ. ಆಗಂಗಿಲ್ಲಂದ್ರ ಆ ವರ್ಗ ಬ್ಯಾರೇದವರಿಗೆ ಕೊಡತೇನಿ, ನೀವು ಆಫೀಸಿನಾಗ ಕುಂತು ಹಾಜರಿ ನೋಡ್ರಿ. ಆ ಕೂಸು ಈಗಾಗಲೇ ಎಂಟ ವರ್ಷ ಕಳಕೊಂಡೈತಿ."

ಮಾಸ್ಕಿನ ದಾರಕ್ಕೆ ಕೈ ಹಾಕಿದೆ. ತೆಗೆಯಲಾಗಲಿಲ್ಲ. "ಆಫೀಸಿನಾಗ ಕೂಡತೇನ್ರಿ" ಎಂದೆ.

ಏಳು ವರ್ಷದ ನೌಕರಿಯಲ್ಲಿ ನಾನು ಅಷ್ಟು ನಾಚಿಕೊಂಡ ದಿನ ಇನ್ನೊಂದಿಲ್ಲ. ಆಫೀಸಿನ ಕಿಟಕಿಯಿಂದ ಅಂಗಳ ಕಾಣುತ್ತದೆ. ಮೂರನೆಯ ದಿನ ಊಟದ ಬಿಡುವಿನಲ್ಲಿ ನಮ್ಮ ವರ್ಗದ ಹುಡುಗಿಯರು ಹೆಡ್ ಅಕ್ಕೋರನ್ನು ಸುತ್ತುವರಿದು ನನ್ನ ಬಗ್ಗೆ ಕೇಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ನೋಡಿದೆ. ಈಗ ನನ್ನ ಹೆಸರು ಏನಾಗಿರುತ್ತದೆ ಎಂದು ನನಗೆ ಗೊತ್ತಿತ್ತು. ಬೆರಳ ತುದಿಯಿಂದ ಗಲ್ಲದ ತುಂಬ ಚುಕ್ಕೆ ಇಡುತ್ತಾರೆ, ಮೊಡವೆ ಅಕ್ಕೋರು ಎನ್ನುತ್ತಾರೆ ಎಂದೇ ತಿಂಗಳಿನಿಂದ ಹೆದರಿದ್ದೆ.

ಅವರು ಚುಕ್ಕೆ ಇಡಲಿಲ್ಲ. ಅಂಗೈ ಅಗಲಿಸಿ ಮೂಗು ಬಾಯಿ ಮುಚ್ಚಿಕೊಂಡರು. ಒಬ್ಬಳಾದ ಮೇಲೆ ಒಬ್ಬಳು, ಕೊನೆಗೆ ಕಸ್ತೂರಿ ಕೂಡ. ಅದು ನಾನು. ಮುಖ ಮುಚ್ಚಿಕೊಂಡವಳು.

ಅವರಿಗೆ ನನ್ನ ಮೊಡವೆಯ ಲೆಕ್ಕವೇ ಇರಲಿಲ್ಲ. ಅವರು ಕಂಡದ್ದು ನಾನು ಅಡಗಿಕೊಂಡದ್ದನ್ನು. ಹಾಜರಿ ಪುಸ್ತಕದ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಉಪ್ಪುನೀರು ತಾಗಿ ಗಲ್ಲ ಉರಿಯಿತು. ಆ ಉರಿಯಲ್ಲೇ ನಿರ್ಧಾರ ಮಾಡಿದೆ, ಅಪ್ಪನ ಡಜನ್ ಸಾಕು, ನನ್ನ ಮುಖಕ್ಕೆ ನಾನೇ ಡಾಕ್ಟರನ್ನು ನೋಡುತ್ತೇನೆ ಎಂದು.

ಧಾರವಾಡದಲ್ಲಿ ಚರ್ಮದ ಡಾಕ್ಟರ್ ಒಬ್ಬರಿದ್ದಾರೆ, ಡಾಕ್ಟರ್ ಎಸ್ತರ್, ಅವಸರ ಮಾಡುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಜ್ಜಿ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಳು. ಇಬ್ಬರೂ ಬಸ್ಸಿನಲ್ಲಿ ಹೋದೆವು.

ಚರ್ಮದ ಡಾಕ್ಟರರ ಕಾಯುವ ಕೋಣೆ ಬೇರೆ ದವಾಖಾನೆಗಳ ಹಾಗಲ್ಲ. ಹೃದಯದ ರೋಗಿಯ ಎದೆಯಲ್ಲೇನಿದೆ ಎಂದು ಪಕ್ಕದವರಿಗೆ ಕಾಣುವುದಿಲ್ಲ. ಇಲ್ಲಿ ಎಲ್ಲರ ರೋಗವೂ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಎಲ್ಲರೂ ಗೋಡೆಯ ಕ್ಯಾಲೆಂಡರನ್ನೇ ಓದುತ್ತಿರುತ್ತಾರೆ. ನಾನು ಓಢಣಿ ಬಿಚ್ಚದೆ ಮೂಲೆಯಲ್ಲಿ ಕೂತೆ. ಪಕ್ಕದಲ್ಲಿ ಕಾಯಿಪಲ್ಯ ಮಾರುವ ಹೆಂಗಸು. ಅವಳ ಎರಡೂ ಅಂಗೈ ಒಡೆದು ಸೀಳಿದ್ದವು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಅಂದಳು:

"ಯವ್ವಾ, ಇಲ್ಲಿ ಎಲ್ಲಾರೂ ಬಂದಿರೂದ ತೋರಸಾಕ. ನೀ ಒಬ್ಬಾಕಿ ಯಾಕ ಮುಚಗೊಂಡ ಕುಂತಿ? ಬಿಚ್ಚು, ಗಾಳಿ ಆಡಲಿ."

"ಭಾಳ ಆಗ್ಯಾವ್ರಿ."

"ಆಗಿದ್ರ ಆಗಲಿ ಬಿಡ. ನನ್ನ ಕೈ ನೋಡ, ಊರ ಮಂದಿಗೆ ಇದರಾಗ ಕೊತ್ತಂಬ್ರಿ ಕೊಡತೇನಿ."

ಅವಳು ಎರಡೂ ಅಂಗೈ ಅಗಲಿಸಿ ನನ್ನ ಮುಂದೆ ಹಿಡಿದಳು. ನಾನು ಓಢಣಿ ಬಿಚ್ಚಿದೆ. ಎರಡು ತಿಂಗಳಲ್ಲಿ ಹೊರಗಿನವರ ಎದುರು ಅದೇ ಮೊದಲು. ಅವಳು ನನ್ನ ಮುಖವನ್ನು ಕಾಯಿಪಲ್ಯ ಆರಿಸುವವಳ ಹಾಗೆ ಆ ಕಡೆ ಈ ಕಡೆ ನೋಡಿ, "ಇಷ್ಟಕ್ಕ?" ಎಂದು, ಅಜ್ಜಿಯ ಜೊತೆ ಮೆಂತೆಪಲ್ಯದ ಮಾತಿಗೆ ತೊಡಗಿದಳು. ಅವಳ ಆ "ಇಷ್ಟಕ್ಕ" ನನಗೆ ಅಂದಿನ ಮೊದಲ ಔಷಧಿ.

ಡಾಕ್ಟರ್ ಎಸ್ತರ್ ಐವತ್ತರ ಆಸುಪಾಸಿನವರು, ನಮ್ಮ ಕಡೆಯದೇ ಮಾತು. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಪುಟ್ಟ ಶಿಲುಬೆ ಇತ್ತು. ಅಜ್ಜಿ ಅದನ್ನು ನೋಡಿದಳು, ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು.

"ಮಕಕ್ಕ ಏನೇನ ಹಚ್ಚತೀರಿ? ಎಲ್ಲಾ ಹೇಳ್ರಿ, ಏನೂ ಬಿಡಬ್ಯಾಡ್ರಿ."

ಟ್ಯೂಬು, ನೊರೆಯ ಸಾಬೂನು, ವಾರಕ್ಕೊಮ್ಮೆ ಕಾಕು ಕಲಸಿ ಕೊಡುವ ಲಿಂಬೆಹಣ್ಣು ಕಡಲೆಹಿಟ್ಟು ಎಂದೆ.

"ಮತ್ತ?"

"ಅಷ್ಟ ರೀ."

ಅವರು ದೀಪವಿದ್ದ ಭೂತಗನ್ನಡಿ ತಂದು ನನ್ನ ಮುಖದ ಮೇಲೆ ನಿಧಾನವಾಗಿ ಆಡಿಸಿದರು. ಹಣೆಗೆ ಬಂದು ನಿಂತರು. "ಇಲ್ಲಿ ಮೂರು ಸಾಲಾಗಿ ಒಡದದಲ್ರೀ. ಟ್ಯೂಬು ಸಾಲ ಹಿಡದು ಹಚ್ಚತೀರೇನು?"

ನನಗೆ ತಲೆಬುಡ ತಿಳಿಯಲಿಲ್ಲ. ಖರೇ ಹೇಳುತ್ತೇನೆ, ಮುಖಕ್ಕೆ ಹಚ್ಚುವ ವಸ್ತುಗಳ ಪಟ್ಟಿಯಲ್ಲಿ ವಿಭೂತಿಯೂ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಉಸಿರಾಡುವುದನ್ನು ಯಾರು ಪಟ್ಟಿಯಲ್ಲಿ ಬರೆಯುತ್ತಾರೆ? ಅಜ್ಜಿಗೆ ಹೊಳೆಯಿತು.

"ಅದು ನಾ ರೀ" ಎಂದಳು. ಧ್ವನಿ ಸಣ್ಣಗಾಗಿತ್ತು. "ವಿಭೂತಿ. ಮುಂಜಾನೆ ಒಮ್ಮೆ, ಸಂಜೀಕೆ ಒಮ್ಮೆ. ಮ್ಯಾಲ ಒಂದೊಂದು ಗುಳ್ಳಿಗೂ ಒಂದೊಂದು ಚಿಟಿಕಿ, ಲಗೂ ಒಣಗಲಿ ಅಂತ. ನಾನ ಸುಟ್ಟೆನೇನ್ರೀ ನನ್ನ ಕೂಸಿನ ಮಕಾ?"

ಡಾಕ್ಟರು ಕನ್ನಡಿ ಕೆಳಗಿಟ್ಟು ಅಜ್ಜಿಯ ಕಡೆ ಕುರ್ಚಿ ತಿರುಗಿಸಿದರು. "ನೀವ ಸುಟ್ಟಿಲ್ಲ ಅಜ್ಜಿ. ಸುಟ್ಟದ್ದು ಟ್ಯೂಬು. ಅದೂ ಛಲೋ ಔಷಧನ, ಇಕಿ ತಮ್ಮನ ಎಣ್ಣಿ ಚರ್ಮಕ್ಕ. ಇಕಿದು ಒಣಾ ಚರ್ಮ, ಇದ್ದ ಒಂಚೂರು ಜಿಡ್ಡನ್ನೂ ಅದು ತಗೀತು. ಆಮ್ಯಾಲ ಉಳದ ಪಸಿ ಬೂದಿ ಹೀರಿಕೊಂತು. ಬಿಟ್ಟೂಬಿಡದ ಒಣಗಿಸಿದ್ರ ಚರ್ಮ ಸಿಟ್ಟಿಗೇಳತದ."

ಅಜ್ಜಿ ಕೊರಳಲ್ಲಿದ್ದ ಲಿಂಗವನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ವಿಭೂತಿ ಬಿಡಿ ಎಂಬ ಮಾತು ಬರುತ್ತದೆ, ಬಂದರೆ ಏನು ಹೇಳಬೇಕು ಎಂದು ಆಕೆ ತಯಾರಾಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಆ ಮಾತು ಬರಲಿಲ್ಲ.

"ಹಣಿ ಆರಾಮಾಗೂತನಕಾ ಏನ ಮಾಡೋಣು, ನೀವ ಹೇಳ್ರಿ" ಎಂದರು ಡಾಕ್ಟರು. "ಇದರಾಗ ನನಗಿಂತ ನಿಮಗ ಹೆಚ್ಚು ತಿಳೀತದ."

ಅಜ್ಜಿ ಕೊರಳ ಹತ್ತಿರದ ಕೈ ಕೆಳಗಿಳಿಸಿದಳು. ಅವಳ ಬೆನ್ನು ಮತ್ತೆ ನೆಟ್ಟಗಾಯಿತು.

"ವಿಭೂತಿಗೆ ಮೈಮ್ಯಾಲ ಹಣಿ ಒಂದ ಜಾಗಾ ಅಲ್ರೀ. ತೋಳು ಅದಾವ, ಎದಿ ಐತಿ, ಕೊರಳ ಐತಿ. ತೋಳಿಗೆ ಹಚ್ಚತೇನಿ. ಹಣಿಗೆ ಸೂಟಿ."

"ಬರೋಬ್ಬರಿ" ಎಂದು ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದೇಬಿಟ್ಟರು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ 'ವಿಭೂತಿ ತೋಳಿಗೆ' ಎಂದಿತ್ತು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಅದರ ಕೆಳಗೆ ಬರೆದದ್ದನ್ನು ಓದಿ ನನಗೆ ನಿರಾಸೆಯಾಯಿತು. ಆರು ವಾರ ಮೊಡವೆಗೆ ಔಷಧಿಯೇ ಇಲ್ಲ. ನೊರೆ ಬಾರದ ಒಂದು ಸೌಮ್ಯ ಕ್ಲೆನ್ಸರ್, ಒಂದು ದಪ್ಪನೆಯ ಮಾಯಿಶ್ಚರೈಸರ್, ಹಗಲಿಗೆ ಬಿಸಿಲಿನ ಕ್ರೀಮು.

"ಮೊಡವಿ ಮ್ಯಾಲ ಮತ್ತ ಜಿಡ್ಡ ಹಚ್ಚೂದೇನ್ರೀ?" ಎಂದು ಕೇಳಿದೆ.

"ಮದಲ ಗ್ವಾಡಿ ಗಟ್ಟಿ ಮಾಡೋಣು, ಆಮ್ಯಾಲ ಸುಣ್ಣ. ಮತ್ತ ಆ ಓಢಣಿ, ಮಾಸ್ಕ್ ತಿಕ್ಕಿ ತಿಕ್ಕಿ ಗದ್ದದ ಮ್ಯಾಲಿನವೂ ಹೆಚ್ಚಾಗ್ಯಾವ. ಮಕಾ ತೆರದ ಇಡೂದೂ ಔಷಧ ಅಂತ ತಿಳಕೋರಿ."

ಮನೆಗೆ ಬಂದಾಗ ಅಪ್ಪ ಟ್ಯೂಬುಗಳ ಪೆಟ್ಟಿಗೆಯನ್ನು ನೋಡಿ ಬೇಸರ ಮಾಡಿಕೊಂಡ. "ಒಂದ ಮನ್ಯಾಗ ಇಬ್ಬರಿಗೆ ಎರಡ ಔಷಧ ಹೆಂಗ ಆಕ್ಕಾವ?" ಎಂದ. ಉತ್ತರ ಕೊಟ್ಟವಳು ಅಜ್ಜಿ. ಮುಗದದ ಕಡೆ ಮಸಾರಿ ನೆಲ, ಹುಬ್ಬಳ್ಳಿಯಿಂದ ಆಚೆ ಎರಿ ನೆಲ ಎಂದು ಕಾಳಿನ ವ್ಯಾಪಾರಿಗೆ ಹೇಳಿಕೊಡಬೇಕಾಗಿಲ್ಲ. ಕೆಂಪು ಮಸಾರಿ ನೀರು ಇಂಗಿಸಿಬಿಡುತ್ತದೆ, ಕಪ್ಪು ಎರಿ ಹಿಡಿದಿಟ್ಟುಕೊಳ್ಳುತ್ತದೆ.

"ಏ ಶಿವಪ್ಪಾ, ಎರಿ ಹೊಲಕ್ಕ ಬಿಡೂ ಲೆಕ್ಕದಾಗನ ಮಸಾರಿಗೆ ನೀರ ಬಿಡತಾರೇನು? ಇಕಿ ಮಸಾರಿ, ಅವ ಎರಿ. ಎರಡೂ ನಮ್ಮ ಹೊಲಾನ."

ಮರುದಿನ ಅಪ್ಪ ನನ್ನ ಮಾಯಿಶ್ಚರೈಸರಿನ ಹೆಸರು ಬರೆದುಕೊಂಡು ಹೋದ. ಡಜನ್ ತರುತ್ತಾನೆ ಎಂದು ಹೆದರಿದ್ದೆ. ಒಂದೇ ಒಂದು ತಂದ. ನಮ್ಮ ಮನೆಯ ಇತಿಹಾಸದಲ್ಲಿ ಬಿಡಿಯಾಗಿ ಬಂದ ಮೊದಲ ವಸ್ತು ಅದು. ಅದರ ಮೇಲೆ ಪೆನ್ನಿನಲ್ಲಿ 'ಸವಿತಾ' ಎಂದು ಬರೆದು ಕಪಾಟಿನಲ್ಲಿಟ್ಟ.

ಆರು ವಾರ ಸುಲಭವಾಗಿರಲಿಲ್ಲ. ಮೊದಲ ಹತ್ತು ದಿನಗಳಲ್ಲಿ ಉರಿ ನಿಂತಿತು, ರೊಟ್ಟಿ ತಿನ್ನಲು ಬಾಯಿ ತೆರೆಯಿತು. ಒಂದು ಬೆಳಿಗ್ಗೆ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದಾಗ ಸಂಭ್ರಮಕ್ಕೆ ಮೂರನೆಯದನ್ನೂ ತಿಂದೆ. ಆದರೆ ಗುಳ್ಳೆಗಳು ಇದ್ದೇ ಇದ್ದವು. ಕೈ ಎಷ್ಟೋ ಸಲ ವಿರೂನ ಟ್ಯೂಬಿನ ಕಡೆ ಹೋಗುತ್ತಿತ್ತು. ಅವನಿಗೆ ಇದು ಗೊತ್ತಾಗಿ ಇಡೀ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ತನ್ನ ಕೋಣೆಗೆ ಬೀಗ ಹಾಕಿಕೊಂಡ. ನಾಲ್ಕನೆಯ ವಾರದ ಒಂದು ಸೋಮವಾರ ಕನ್ನಡಿಯಲ್ಲಿ ನೋಡಿಕೊಂಡೆ. ಕೆಂಪು ಇಳಿದಿತ್ತು. ಮೊಡವೆ ಹೋಗಿರಲಿಲ್ಲ. ಕಾಯುತ್ತ ಕೂತರೆ ಕಸ್ತೂರಿಯ ವರ್ಷವೇ ಹೋಗುತ್ತದೆ ಎನ್ನಿಸಿತು. ಓಢಣಿಯನ್ನು ಗೂಟಕ್ಕೆ ಹಾಕಿ ಬಸ್ಸಿನಲ್ಲಿ ಶಾಲೆಗೆ ಹೋದೆ. ಹೆಡ್ ಅಕ್ಕೋರ ಎದುರು ಬರಿಮುಖದಲ್ಲಿ ನಿಂತು "ನನ್ನ ವರ್ಗ ನನಗ ಕೊಡ್ರಿ" ಎಂದೆ.

ಅವರು ಕನ್ನಡಕ ಮೇಲೇರಿಸಿ ನೋಡಿದರು. "ಹೋಗ್ರಿ ಮತ್ತ. ಗಂಟಿ ಹೊಡದು ಹತ್ತ ಮಿನಿಟಾತು."

ವರ್ಗದಲ್ಲಿ ಕಸ್ತೂರಿ ಎಂದಿನಂತೆ ಗೋಡೆಯ ಕಡೆ ತಿರುಗಿ ಕೂತಿದ್ದಳು. ನನ್ನ ಬದಲಿಗೆ ಬಂದವರ ಕಡೆಗೂ ಅವಳು ತಿರುಗಿರಲಿಲ್ಲವಂತೆ. ಭುಜ ಮುಟ್ಟಿದೆ, ತಿರುಗಿದಳು. ನನ್ನ ಮೂಗು, ಬಾಯಿ, ಗದ್ದವನ್ನು ಅವಳು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದಳು. ಎದ್ದು ನಿಂತು ಒಂದು ಗುಳ್ಳೆಯ ಹತ್ತಿರ ಬೆರಳು ತಂದು, ಮುಟ್ಟದೆ, ಮುಖ ಕಿವುಚಿದಳು. ನೋವೇ ಎಂದು ಕೇಳುತ್ತಿದ್ದಾಳೆ. ಆದರೆ ಪ್ರಶ್ನೆಗೆ ಹುಬ್ಬು ಏರಿಸಬೇಕೆಂದು ಅವಳಿಗೆ ಗೊತ್ತಿಲ್ಲ. ನಾನು ಹುಬ್ಬು ಏರಿಸಿ ತೋರಿಸಿದೆ. ಅವಳು ನನ್ನ ಹಣೆಯನ್ನೇ ನೋಡಿದಳು, ತನ್ನ ಹುಬ್ಬನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ನೂಕಿದಳು. ಇಡೀ ವರ್ಗ ನಕ್ಕಿತು, ಈ ಸಲ ಅವಳೂ ಎಲ್ಲರ ಜೊತೆಗೇ ನಕ್ಕಳು. ಅದು ಕಸ್ತೂರಿ ಕೇಳಿದ ಮೊದಲ ಪ್ರಶ್ನೆ. ಸ್ವಲ್ಪ ನೋವು, ಈಗ ಕಡಿಮೆ, ಎಂದು ಉತ್ತರ ಕೊಟ್ಟೆ. ನನಗೆ ಕುಣಿಯಬೇಕೆನಿಸಿತು.

ಆರು ವಾರದ ಮೇಲೆ ಡಾಕ್ಟರು ನನ್ನ ಚರ್ಮ ತಡೆದುಕೊಳ್ಳುವಂಥ ಔಷಧಿ ಶುರುಮಾಡಿದರು. ವಾರಕ್ಕೆ ಎರಡೇ ದಿನ, ಮಾಯಿಶ್ಚರೈಸರಿನ ಮೇಲೆ, ಇಡೀ ಮುಖಕ್ಕೆ ಕಡಲೆಕಾಳಿನಷ್ಟು. ಕಡಲೆಕಾಳೆಂದರೆ ಎಷ್ಟು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಬೇಕಾಗಿಲ್ಲ. ಆದರೂ ನಾನು ಬುದ್ಧಿ ಕಲಿಯದವಳು, ಒಂದು ವಾರ ಆಸೆಗೆ ಬಿದ್ದು ದಿನಾ ಹಚ್ಚಿ ಮತ್ತೆ ಸಿಪ್ಪೆ ಏಳಿಸಿಕೊಂಡೆ. ಡಾಕ್ಟರು ಫೋನಿನಲ್ಲಿ ಬೈದರು: "ಮಕ್ಕಳಿಗೆ ಒಂದ ದಿನದಾಗ ಕಾಗುಣಿತ ಎಲ್ಲಾ ಕಲಸತೀರೇನು ನೀವು?" ಆಮೇಲೆ ಅಡ್ಡದಾರಿ ಹಿಡಿಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹೊಸ ಗುಳ್ಳೆ ಅಪರೂಪವಾದವು. ಯುಗಾದಿಗೆ ಕಲೆಗಳೂ ತಿಳಿಯಾದವು. ನಾಲ್ಕಾರು ಗುರುತು ಉಳಿದಿವೆ, ಇರಲಿ. ಈಗಲೂ ತಿಂಗಳಿಗೆ ಒಂದೆರಡು ಗುಳ್ಳೆ ಬಂದು ಹೋಗುತ್ತವೆ, ನೆಂಟರ ಹಾಗೆ ನೋಡಿ ಕಳಿಸಿಕೊಡುತ್ತೇನೆ. ಹಣೆ ವಾಸಿಯಾದ ದಿನ ಅಜ್ಜಿಗೆ ಹೇಳಿದೆ, ಇನ್ನು ಹಚ್ಚಬಹುದು ಎಂದು. ಅವಳು ನನ್ನ ಹಣೆಗೆ ಮೊದಲು ಮಾಯಿಶ್ಚರೈಸರ್ ಸವರಿ, ಅದು ಇಂಗುವವರೆಗೆ ಕಾದು, ಬೆರಳ ತುದಿಯಿಂದ ಒಂದು ಸಣ್ಣ ಗೆರೆ ಎಳೆದಳು. ಉಳಿದ ಎರಡು ಗೆರೆ ತೋಳಿಗೆ.

ಇದನ್ನು ಓದುತ್ತ ಓಢಣಿಯೊಳಗೆ ಕೂತ ನಿಮಗೆ ಒಂದೇ ಮಾತು. ನಿಮ್ಮ ಅಕ್ಕನಿಗೆ, ಗೆಳತಿಗೆ, ಪಕ್ಕದ ಮನೆಯವರಿಗೆ ಹತ್ತಿದ ಟ್ಯೂಬು ನಿಮ್ಮನ್ನು ಸುಟ್ಟರೆ ನಿಮ್ಮ ಮುಖವನ್ನು ಬೈಯಬೇಡಿ. ಅದು ತನ್ನ ಸ್ವಭಾವ ಹೇಳುತ್ತಿರುತ್ತದೆ, ಕೇಳಬಲ್ಲವರ ಹತ್ತಿರ ಕರೆದುಕೊಂಡು ಹೋಗಿ.

ಜೂನಿನಲ್ಲಿ ಶಾಲೆ ತೆರೆದಾಗ ಹೊಸ ಹುಡುಗಿಯೊಬ್ಬಳು ಸೇರಿದಳು. ಮಕ್ಕಳು ಅವಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಶಿಕ್ಷಕರ ಹೆಸರು ಹೇಳಿಕೊಡುತ್ತಿದ್ದರು. ಕನ್ನಡಕವಾಯಿತು, ಮೀಸೆಯಾಯಿತು. ನನ್ನ ಸರದಿ ಬಂದಾಗ ಜಗಳ ಶುರುವಾಯಿತು. ದೊಡ್ಡ ಹುಡುಗಿಯರು ಗಲ್ಲದ ಮೇಲೆ ಬೆರಳು ತಿರುಗಿಸಿ, ಗುಳಿ ಅಕ್ಕೋರು ಎಂದರು. ಇನ್ನಿಬ್ಬರು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇಲ್ಲ, ಇದು, ಎಂದರು. ಕೈಗಳು ಜೋರಾಗಿ ಹಾರಾಡಿದವು. ಆಗ ಕಸ್ತೂರಿ ಎಲ್ಲರನ್ನೂ ತಳ್ಳಿಕೊಂಡು ನಡುವೆ ಬಂದಳು. ಅವಳ ಕೈಯಲ್ಲೀಗ ಸುಮಾರು ಭಾಷೆ ಇದೆ, ಜೊತೆಗೆ ಸಾಕಷ್ಟು ಜಬರ್ದಸ್ತು. ಅಂಗೈಯಿಂದ ಮೂಗು ಬಾಯಿ ಮುಚ್ಚಿಕೊಂಡಳು. ಆಮೇಲೆ ಬಾಗಿಲು ತೆರೆದಂತೆ ಆ ಅಂಗೈಯನ್ನು ಪಕ್ಕಕ್ಕೆ ತೆರೆದು, ತನ್ನ ಮುಖವನ್ನು ಮುಂದೆ ಚಾಚಿ ಹಲ್ಲು ಕಾಣುವಂತೆ ನಕ್ಕಳು. ಒಬ್ಬೊಬ್ಬರೇ ಅದನ್ನು ಮಾಡಿ ನೋಡಿದರು, ಒಪ್ಪಿದರು.

ಹೊಸ ಹುಡುಗಿಯೂ ಮಾಡಿದಳು. ಮುಚ್ಚಿದಳು, ತೆರೆದಳು. ಆಮೇಲೆ ನನ್ನ ಕಡೆ ತಿರುಗಿ, ನೀನೇನಾ ಅದು ಎಂಬಂತೆ ಬೆರಳು ತೋರಿಸಿದಳು. ಕಸ್ತೂರಿ ಅವಳ ಮೊಣಕೈ ತಿವಿದು, ಹುಬ್ಬು ಏರಿಸು ಎಂದು ಕಲಿಸಿದಳು. ಅವಳು ಹುಬ್ಬು ಏರಿಸಿದಳು.

ನನ್ನ ಕೈಯಲ್ಲಿ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ ಇದ್ದವು, ಕೈಗೆ ಬಿಡುವಿರಲಿಲ್ಲ. ಹೌದು ಎಂದು ಮುಖದಲ್ಲೇ ಹೇಳಿದೆ.